ಕೊವೆಂಟ್ರಿಯವರು ಸರ್ಕಾರವನ್ನು ಕೇಳಿದ ರೀತಿ

ಬ್ರಿಟನ್ನಿನ ಕಾರ್ಖಾನೆಗಳ ಬಗ್ಗೆ ಅಲ್ಲಿನ ಪ್ರಧಾನಿಗಳು ಸಲಹೆ ಕೇಳುತ್ತಿದ್ದ ಒಬ್ಬರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಹೆಸರು ಕುಮಾರ್ ಭಟ್ಟಾಚಾರ್ಯ. ಖರಗ್‌ಪುರ ಐಐಟಿಯಲ್ಲಿ ಮೆಕ್ಯಾನಿಕಲ್ ಓದಿ, ಇಂಗ್ಲೆಂಡಿಗೆ ಹೋಗಿ ಲ್ಯೂಕಾಸ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಿದವರು. 1980ರಲ್ಲಿ ವಾರಿಕ್ ವಿಶ್ವವಿದ್ಯಾಲಯದಲ್ಲಿ ವಾರಿಕ್ ಮ್ಯಾನುಫ್ಯಾಕ್ಚರಿಂಗ್ ಗ್ರೂಪ್ ಕಟ್ಟಿದರು. ನಾನು ಎಂಎಸ್ಸಿ ಮಾಡಿದ್ದು ಅಲ್ಲೇ. ಹೆಸರು ವಾರಿಕ್ ಅಂತ ಇದ್ದರೂ ಕ್ಯಾಂಪಸ್ ಇರುವುದು ಕೊವೆಂಟ್ರಿ ಊರಿನ ಅಂಚಿನಲ್ಲಿ.

ಈಗ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳ) ಘಟಕ ಇದೆ. ಟರ್ನಿಂಗ್, ಮಿಲ್ಲಿಂಗ್ ಜಾಬ್ ವರ್ಕ್ ಮಾಡುತ್ತೇವೆ. ಲಾಬಿ, ಅಂದರೆ ಸರ್ಕಾರದ ಹತ್ತಿರ ಹೋಗಿ ನಮಗೆ ಬೇಕಾದ್ದನ್ನು ಕೇಳುವುದು, ಅಂದ ತಕ್ಷಣ ಇಲ್ಲಿ ಎಲ್ಲರ ಮುಖ ಗಂಟಾಗುತ್ತದೆ. ಯಾರೋ ದೊಡ್ಡವರು ದೆಹಲಿಯಲ್ಲಿ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಅಂತ ನಮ್ಮ ನಂಬಿಕೆ. ಆದರೆ ಸಂಶೋಧನೆಗೂ ಕಾರ್ಖಾನೆಗೂ ನಡುವೆ ಇರುವ ವಾರಿಕ್ ಗುಂಪಿನಂಥ ಕೇಂದ್ರಗಳು ಸರ್ಕಾರದ ಹತ್ತಿರ ಹೋಗಿ ಕೇಳದೇ ಇದ್ದರೆ ನಮ್ಮಂಥವರ ಪರವಾಗಿ ಇನ್ಯಾರು ಕೇಳಬೇಕು?

2010ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ನಡೆದದ್ದನ್ನೇ ನೋಡಿ. ಅಲ್ಲಿನ ಏಕಾರ್ನ್ ಕಂಪ್ಯೂಟರ್ಸ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹರ್ಮನ್ ಹೌಸರ್ ಅವರು ಲೇಬರ್ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಸಂಶೋಧನೆಯನ್ನು ಉದ್ಯಮಕ್ಕೆ ತಲುಪಿಸುವ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳ ಹಾಗೆ ನಮಗೂ ತಂತ್ರಜ್ಞಾನ ಕೇಂದ್ರಗಳು ಬೇಕು ಅಂತ ಅದರಲ್ಲಿತ್ತು. ಎರಡೇ ತಿಂಗಳಲ್ಲಿ ಆ ಸರ್ಕಾರ ಹೋಯಿತು. ನಮ್ಮಲ್ಲಾಗಿದ್ದರೆ ಫೈಲ್ ಅಲ್ಲಿಗೇ ಮುಗಿಯುತ್ತಿತ್ತೇನೋ. ಅಲ್ಲಿ ಹೊಸ ಪ್ರಧಾನಿ ಕ್ಯಾಮೆರಾನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ಕೇಂದ್ರಗಳಿಗೆ 20 ಕೋಟಿ ಪೌಂಡ್ ಘೋಷಿಸಿದರು. ಪಕ್ಷ ಬದಲಾದರೂ ಯೋಜನೆ ಉಳಿಯಿತು. ಆ ಚುನಾವಣೆಗೆ ಮುಂಚೆ ವ್ಯಾಕ್ಯೂಮ್ ಕ್ಲೀನರ್ ಉದ್ಯಮಿ ಜೇಮ್ಸ್ ಡೈಸನ್ ಕೂಡ ಕ್ಯಾಮೆರಾನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ತಂತ್ರಜ್ಞಾನದ ಬಗ್ಗೆ ಒಂದು ವರದಿ ಬರೆದುಕೊಟ್ಟಿದ್ದರು. ಅಂದರೆ ಎರಡೂ ಕಡೆ ಮಾತಾಡಿದವರಿದ್ದರು. ಇದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಈ ಕೇಂದ್ರಗಳ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ವಿಶ್ವವಿದ್ಯಾಲಯದವರು, ಉದ್ಯಮದವರು ಬರೆದು ಕೊಟ್ಟ ಹೇಳಿಕೆಗಳನ್ನೆಲ್ಲ ಪ್ರಕಟಿಸಿತು. ಯಾರು ಏನು ಕೇಳಿದರು ಅಂತ ಯಾರು ಬೇಕಾದರೂ ಓದಬಹುದು. ನಮ್ಮ ಸಂಸತ್ತಿನ ಸ್ಥಾಯಿ ಸಮಿತಿಗಳ ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ.

2011ರಲ್ಲಿ ಶುರುವಾದ ಉತ್ಪಾದನಾ ಕೇಂದ್ರಗಳ ಮೊದಲ ಗುಂಪಿನಲ್ಲಿ ಏಳು ಸಂಸ್ಥೆಗಳಿದ್ದವು, ವಾರಿಕ್ ಅದರಲ್ಲೊಂದು. ಹಣದ ಸೂತ್ರ ಸರಳ: ಮೂರರಲ್ಲೊಂದು ಪಾಲು ಸರ್ಕಾರದ ಕಾಯಂ ಅನುದಾನ, ಒಂದು ಪಾಲು ಕಂಪನಿಗಳ ಕೆಲಸದಿಂದ, ಇನ್ನೊಂದು ಪಾಲು ಪೈಪೋಟಿಯಲ್ಲಿ ಗೆದ್ದ ಜಂಟಿ ಯೋಜನೆಗಳಿಂದ. ಕೇಳಿ ಪಡೆದವರನ್ನು ಸುಮ್ನೆ ಬಿಡಲೂ ಇಲ್ಲ. 2017ರಲ್ಲಿ ಸರ್ಕಾರ ಅರ್ನ್‌ಸ್ಟ್ ಅಂಡ್ ಯಂಗ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯ ಕೈಯಲ್ಲಿ ಈ ಇಡೀ ಜಾಲದ ಪರಿಶೀಲನೆ ಮಾಡಿಸಿತು. ಖಾರವಾದ ಟೀಕೆಯೇ ಬಂತು.

ಬ್ಯಾಟರಿ ವಿಷಯದಲ್ಲೂ ಇದೇ ದಾರಿ. ಲ್ಯಾಬ್‌ನಲ್ಲಿ ಒಂದು ಸೆಲ್ ಚೆನ್ನಾಗಿ ಓಡಿದರೆ ಸಾಲದು. ಅದನ್ನೇ ದೊಡ್ಡ ಯಂತ್ರದಲ್ಲಿ, ಕಾರ್ಖಾನೆಯ ವೇಗದಲ್ಲಿ, ರಿಜೆಕ್ಷನ್ ಕಡಿಮೆ ಇಟ್ಟುಕೊಂಡು ಮಾಡಿ ನೋಡಬೇಕು. ಆ ಪ್ರಯೋಗಕ್ಕೆ ಯಾವ ಕಂಪನಿಯೂ ಒಂಟಿಯಾಗಿ ಹಣ ಹಾಕುವುದಿಲ್ಲ. ವಾರಿಕ್ ಗುಂಪು, ಕೊವೆಂಟ್ರಿ ನಗರಸಭೆ, ಸ್ಥಳೀಯ ಉದ್ಯಮ ಒಕ್ಕೂಟ ಮೂರೂ ಸೇರಿ ಅರ್ಜಿ ಹಾಕಿ ಗೆದ್ದವು. 13 ಕೋಟಿ ಪೌಂಡ್‌ನ ಬ್ಯಾಟರಿ ಕೇಂದ್ರ 2021ರ ಜುಲೈನಲ್ಲಿ ಶುರುವಾಯಿತು. ಭಟ್ಟಾಚಾರ್ಯ ಅದನ್ನು ನೋಡಲಿಲ್ಲ. 2019ರ ಮಾರ್ಚ್‌ನಲ್ಲೇ ತೀರಿಹೋಗಿದ್ದರು.

ಇತ್ತ ನಮ್ಮ ತುಮಕೂರು ರಸ್ತೆಯಲ್ಲಿ 1962ರಿಂದ ಸಿಎಂಟಿಐ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಇದೆ. ಕೇಂದ್ರದ ಭಾರೀ ಕೈಗಾರಿಕಾ ಇಲಾಖೆಯ ಸಂಸ್ಥೆ. 2022ರ ಜನವರಿಯಲ್ಲಿ ಆ ಇಲಾಖೆ ಯಂತ್ರೋಪಕರಣ ಯೋಜನೆಯ ಎರಡನೇ ಹಂತಕ್ಕೆ 1,207 ಕೋಟಿ ರೂಪಾಯಿ ಗೊತ್ತುಮಾಡಿತು. ಅದರಲ್ಲಿ 975 ಕೋಟಿ ಸರ್ಕಾರದ್ದು, 232 ಕೋಟಿ ಉದ್ಯಮದ್ದು. ಒಳ್ಳೆಯ ಯೋಜನೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಉದ್ಯಮದ ಪಾಲಿನಲ್ಲಿ ಎರಡು ಲೇತ್ ಇಟ್ಟುಕೊಂಡವರ ದನಿ ಎಷ್ಟಿದೆ?

ನಮ್ಮ ಬೀದಿಯಲ್ಲಿ ಎಂಜಿನ್ ಪಾರ್ಟ್ ಮಾಡುವವರು ಜಾಸ್ತಿ. ಎಲೆಕ್ಟ್ರಿಕ್ ಗಾಡಿಗೆ ವಾಲ್ವ್ ಬೇಡ, ಪಿಸ್ಟನ್ ಬೇಡ. ಮೋಟಾರ್ ಶಾಫ್ಟ್ ಬೇಕು, ಅದೂ ಮೈಕ್ರಾನ್ ಲೆಕ್ಕದಲ್ಲಿ. ಅಳೆಯಲು ಸಿಎಂಎಂ ಎಂಬ ನಿಖರ ಅಳತೆಯ ಯಂತ್ರ ಬೇಕು, ಬ್ಯಾಲೆನ್ಸಿಂಗ್ ಬೇಕು. ಒಂದು ಕಚೇರಿಗೆ ಇದನ್ನೇ ಬರೆದು ಮನವಿ ಕೊಟ್ಟಿದ್ದೆವು. ತೆಗೆದುಕೊಂಡರು, ಫೋಟೋ ಆಯಿತು. ಉತ್ತರ ಇನ್ನೂ ಬಂದಿಲ್ಲ.

ಮನವಿಯಲ್ಲಿ "ಸಹಾಯ ಮಾಡಿ" ಅಂತ ಮಾತ್ರ ಇದ್ದರೆ ಅಧಿಕಾರಿಗೂ ಹಿಡಿತ ಸಿಗುವುದಿಲ್ಲ ಅಲ್ವಾ? ಯಾವ ಯಂತ್ರ, ವರ್ಷಕ್ಕೆ ಎಷ್ಟು ಗಂಟೆ ಬಳಕೆ, ಗಂಟೆಗೆ ನಾವೆಷ್ಟು ಕೊಡುತ್ತೇವೆ, ಇದಿಷ್ಟು ಬರೆದುಕೊಟ್ಟರೆ ಸಿಎಂಟಿಐನಂಥ ಸಂಸ್ಥೆ ಅದನ್ನು ಹಿಡಿದು ದೆಹಲಿಯಲ್ಲಿ ಗಟ್ಟಿಯಾಗಿ ವಾದ ಮಾಡಬಹುದು. ನಮ್ಮ ಕೈಗಾರಿಕಾ ಸಂಘದ ಬಜೆಟ್ ಪೂರ್ವ ಮನವಿಯಲ್ಲೂ ಈ ಲೆಕ್ಕ ಸೇರಬೇಕು, ಎಲ್ಲರಿಗೂ ಓದಲು ಸಿಗಬೇಕು.

ಅಕ್ಕಪಕ್ಕದ ಘಟಕಗಳಿಂದ ಈ ಲೆಕ್ಕ ಕೂಡಿಸಲು ಶುರು ಮಾಡಿದ್ದೇನೆ. ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರ ಕಡೆ ಶಾಫ್ಟ್ ಅಥವಾ ಗೇರ್ ಕೆಲಸ ಮಾಡುವವರಿದ್ದರೆ ನನಗೆ ಬರೆಯಿರಿ. ಯಾವ ಪರೀಕ್ಷೆಗೆ ಹೊರಗೆ ಹೋಗುತ್ತೀರಿ, ಎಷ್ಟು ದಿನ ಕಾಯುತ್ತೀರಿ, ಎಷ್ಟು ಖರ್ಚಾಗುತ್ತದೆ ಅನ್ನುವುದಷ್ಟು ಸಾಕು.