ಗೇರುಬೀಜದ ಪೇಪರ್ ಕೆಲಸಾನೂ ಸಹಾರಾ ದಾರಿಯ ಸಾಲಪತ್ರಾನೂ

ನಾನು ಮಂಗಳೂರಲ್ಲಿ ಕಚ್ಚಾ ಗೇರುಬೀಜ ತರಿಸೋ ಕಂಪನಿಯೊಂದ್ರಲ್ಲಿ ಡಾಕ್ಯುಮೆಂಟ್ಸ್ ನೋಡ್ಕೊಳ್ತೀನಿ. ಮಾಲು ಬರೋದು ಐವರಿ ಕೋಸ್ಟ್, ಬೆನಿನ್, ಘಾನಾ, ತಾಂಜಾನಿಯಾ ಕಡೆಯಿಂದ. ಹೊಸದಾಗಿ ಸೇರಿದವರು ಎಲ್ರೂ ಕೇಳೋದು ಒಂದೇ, ಒಂದು ಕಂಟೇನರ್‌ಗೆ ಇಷ್ಟೊಂದು ಪೇಪರ್ ಯಾಕೆ ಸಾರ್ ಅಂತ. ಅವರಿಗೆ ಎಲ್‌ಸಿ ಫಾರ್ಮ್ (ಪೇಪರ್ ಸರಿ ಇದ್ರೆ ದುಡ್ಡು ಕೊಡ್ತೀನಿ ಅಂತ ಬ್ಯಾಂಕ್ ಕೊಡೋ ಮಾತು) ತೋರಿಸೋ ಮೊದ್ಲು ನಾನು ಹಳೇ ಘಾನಾ ರಾಜ್ಯದ ವಿಷ್ಯ ಹೇಳ್ತೀನಿ.

ಈಗಿನ ಘಾನಾ ಅಲ್ಲ ಅದು. ಇವರು 1957ರಲ್ಲಿ ಸ್ವಾತಂತ್ರ್ಯ ಬಂದಾಗ ಆ ಹೆಸರು ತಗೊಂಡ್ರು ಅಷ್ಟೇ, ಹಳೇದು ಇದ್ದಿದ್ದು ಈಗಿನ ಮೌರಿಟೇನಿಯಾ ಮತ್ತು ಮಾಲಿ ಕಡೆ, ಸೋನಿಂಕೆ ಜನರ ರಾಜ್ಯ. ದಕ್ಷಿಣದಲ್ಲಿ ಚಿನ್ನ ಇತ್ತು ಉಪ್ಪಿರಲಿಲ್ಲ, ಮರುಭೂಮಿಯಲ್ಲಿ ಉಪ್ಪಿತ್ತು, ಅದು ಎಷ್ಟಿತ್ತು ಅಂದ್ರೆ ತಗಾಜಾ ಅನ್ನೋ ಊರಲ್ಲಿ ಮನೆ, ಮಸೀದಿ ಎಲ್ಲಾ ಉಪ್ಪಿನ ಕಲ್ಲಲ್ಲೇ ಕಟ್ಟಿ ಮೇಲೆ ಒಂಟೆ ಚರ್ಮ ಹೊದಿಸಿದ್ರಂತೆ, 1352ರಲ್ಲಿ ಆ ದಾರೀಲಿ ಹೋದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದಾನೆ. ಘಾನಾದ ರಾಜ ಇವೆರಡರ ಮಧ್ಯೆ ಕೂತಿದ್ದ. ಕತ್ತೆ ಮೇಲೆ ಉಪ್ಪು ಹೇರ್ಕೊಂಡು ರಾಜ್ಯದ ಒಳಗೆ ಬಂದ್ರೆ ರಾಜನಿಗೆ ಸುಂಕ ಒಂದು ದಿನಾರ್, ಅಂದ್ರೆ ಒಂದು ಚಿನ್ನದ ನಾಣ್ಯ, ಅದೇ ಉಪ್ಪು ಹೊರಗೆ ಹೋದ್ರೆ ಎರಡು. ಗಣಿಯಲ್ಲಿ ಚಿನ್ನದ ಗಟ್ಟಿ ಸಿಕ್ರೆ ರಾಜನಿಗೆ, ಪುಡಿ ಮಾತ್ರ ಜನಕ್ಕೆ, ಇಲ್ದಿದ್ರೆ ಚಿನ್ನದ ಬೆಲೆನೇ ಬಿದ್ದೋಗ್ತಿತ್ತು. ಇದೆಲ್ಲ 1068ರ ಹೊತ್ತಿಗೆ ಸ್ಪೇನಿನ ಕಾರ್ಡೊಬಾದಲ್ಲಿದ್ದ ಭೂಗೋಳ ಪಂಡಿತ ಅಲ್ ಬಕ್ರಿ ಬರೆದಿಟ್ಟಿದ್ದು.

ನನ್ನ ಕೆಲಸಕ್ಕೆ ಹತ್ರ ಬರೋದು ಇನ್ನೊಂದು ವಿಷ್ಯ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಇಬ್ನ್ ಹೌಕಲ್ ಅನ್ನೋ ಪ್ರವಾಸಿ ಒಂದು ಸಾಲಪತ್ರ ನೋಡ್ದೆ ಅಂತ ಬರೀತಾನೆ, 42,000 ದಿನಾರಿಂದು, ಸಹಾರಾ ಮರುಭೂಮಿಯ ದಕ್ಷಿಣ ತುದಿಯ ಔದಗಾಸ್ತ್ ಊರಿನ ವ್ಯಾಪಾರಿ ಉತ್ತರ ತುದಿಯ ಸಿಜಿಲ್ಮಾಸಾ ಊರಿನವನಿಗೆ ಕೊಡಬೇಕಾದ ಬಾಕಿ. ಮಧ್ಯೆ ಒಂಟೆ ಮೇಲೆ ಸುಮಾರು ಎರಡು ತಿಂಗಳ ದಾರಿ! ಅಷ್ಟು ದೂರ ಅಷ್ಟು ದುಡ್ಡು ಯಾವ ಧೈರ್ಯದ ಮೇಲೆ ಬಿಟ್ರು? ಇಬ್ರೂ ಮುಸ್ಲಿಮರು, ಪಾಲುದಾರಿಕೆಗೆ ಸಾಲಕ್ಕೆ ಸಾಕ್ಷಿಗೆ ಎರಡೂ ಊರಲ್ಲಿ ಒಂದೇ ಕಾನೂನು, ಜಗಳ ಆದ್ರೆ ಕೇಳೋಕೆ ಕಾಜಿ. ಪಶ್ಚಿಮ ಆಫ್ರಿಕಾದಲ್ಲಿ ಇಸ್ಲಾಂ ಮೊದ್ಲು ವ್ಯಾಪಾರಿಗಳ ಮಧ್ಯೆ ಬೇರೂರಿ, ಅರಮನೆಗೆ ಬಂದು, ಹಳ್ಳಿಗಳಿಗೆ ಬಹಳ ನಿಧಾನವಾಗಿ ಹೋಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಅಂತ ನನ್ನ ನಂಬಿಕೆ. ಅಲ್ ಬಕ್ರಿ ಬರೆಯೋ ಕಾಲಕ್ಕೆ ಘಾನಾದ ರಾಜ ಇನ್ನೂ ತನ್ನ ಹಿರಿಯರ ದೇವರನ್ನೇ ಪೂಜಿಸ್ತಿದ್ದ, ಆದ್ರೆ ಖಜಾಂಚಿ, ದುಭಾಷಿಗಳು, ಮಂತ್ರಿಗಳಲ್ಲಿ ಬಹುಪಾಲು ಮುಸ್ಲಿಮರು, ವ್ಯಾಪಾರಿಗಳ ಊರೇ ಬೇರೆ, ಅದ್ರಲ್ಲಿ ಹನ್ನೆರಡು ಮಸೀದಿ. ಎಂಥಾ ಜಾಣ ರಾಜ ನೋಡಿ, ತನ್ನ ನಂಬಿಕೆ ಬಿಡದೆ ಅವರ ನಂಬಿಕೆಗೆ ಜಾಗ ಕೊಟ್ಟ.

ದೂರದ ವ್ಯಾಪಾರಿಗಳ ಮಧ್ಯೆ ಅವತ್ತು ಧರ್ಮ, ಕಾಜಿ ಕೊಡ್ತಿದ್ದ ಧೈರ್ಯಾನ ನಮ್ಮಲ್ಲಿ ಬ್ಯಾಂಕು, ಮಾಲು ಪರೀಕ್ಷೆ ಮಾಡೋ ಸರ್ವೇಯರ್ ಕೊಡ್ತಾರೆ. ಚೀಲಗಳಿಂದ ಸ್ಯಾಂಪಲ್ ತೆಗೆದು, ಬೀಜ ಒಂದೊಂದಾಗಿ ಕತ್ತರಿಸಿ, ಒಳ್ಳೇ ತಿರುಳು, ಚುಕ್ಕೆ ಬಿದ್ದಿದ್ದು, ಕೊಳೆತಿದ್ದು ಬೇರೆ ಮಾಡಿ ತೂಗ್ತೀವಿ, 80 ಕೆಜಿಗೆ ಎಷ್ಟು ಪೌಂಡ್ ತಿರುಳು ಅನ್ನೋದೇ ಔಟ್‌ಟರ್ನ್. ಒಂದ್ಸಲ ಮಾಲು ಕಳಿಸಿದ ಕಡೆಯ ಸರ್ಟಿಫಿಕೇಟ್‌ನಲ್ಲಿ 48 ಇತ್ತು, ಇಲ್ಲಿ ಕತ್ತರಿಸಿದ್ರೆ 44. ಸಪ್ಲೈಯರ್ ಫೋನೇ ಎತ್ತಲಿಲ್ಲ. ನಮ್ಮನ್ನ ಉಳಿಸಿದ್ದು ಕಾಂಟ್ರಾಕ್ಟ್‌ನ ಒಂದೇ ಸಾಲು, ಇಳಿಸೋ ಪೋರ್ಟಿನ ಟೆಸ್ಟೇ ಫೈನಲ್ ಅಂತ. ಅದಕ್ಕೇ ಹೊಸಬರಿಗೆ ಹೇಳೋದು, ಯಾವ ಪೇಪರ್ ಕೈಗೆ ಬಂದ್ರೂ ಇದು ಯಾರು ಯಾರಿಗೆ ಕೊಟ್ಟ ಮಾತು, ತಪ್ಪಿದ್ರೆ ಎಲ್ಲಿ ಕೇಳ್ಬೇಕು ಅಂತ ಮೊದ್ಲು ನೋಡಿ, ಸ್ಪೆಲ್ಲಿಂಗ್ ಆಮೇಲೆ.

ಈಗ ಟೋಗೋದ ಹೊಸ ಪಾರ್ಟಿ ಜೊತೆ ಮಾತುಕತೆ ನಡೀತಿದೆ. ಸರ್ವೇಯರ್ ಯಾರು, ಎಲ್ಲಿನ ಟೆಸ್ಟು ಫೈನಲ್ ಅಂತ ಬರೆಸ್ಕೊಂಡ ಮೇಲೇ ರೇಟಿನ ವಿಷ್ಯ ಎತ್ತಿದ್ವಿ, ಆ ಡ್ರಾಫ್ಟ್ ಮಾಡಿದ್ದು ಹೊಸದಾಗಿ ಸೇರಿದ ಹುಡುಗಿನೇ.