ಊರಿನಿಂದ ಹಿರಿಯರು ಬಂದಾಗ: ಒಮಾನಿನಲ್ಲಿ 12 ದಿನಗಳ ತಿರುಗಾಟ

ಕಳೆದ ಡಿಸೆಂಬರಿನಲ್ಲಿ ಬಂಟ್ವಾಳ ಸಮೀಪದ ನಮ್ಮ ಊರಿನಿಂದ ಮಾವನವರು, ಅತ್ತೆಯವರು, ನಾದಿನಿ ಮತ್ತು ಅವಳ ಇಬ್ಬರು ಮಕ್ಕಳು 12 ದಿನಗಳ ಮಟ್ಟಿಗೆ ಮಸ್ಕತ್‌ನ ನಮ್ಮ ಮನೆಗೆ ಬಂದಿದ್ದರು. ಮಾವನವರಿಗೆ 74 ವರ್ಷ, ಅಡಿಕೆ ತೋಟ ಬಿಟ್ಟು ಹೊರಗೆ ಹೆಚ್ಚು ದಿನ ಉಳಿದವರಲ್ಲ. ಅತ್ತೆಯವರಿಗೆ ಮಂಡಿನೋವು. ಮಕ್ಕಳಿಗೆ ಮರಳುಗಾಡಿನಲ್ಲಿ ಗಾಡಿ ಓಡಿಸುವುದನ್ನು ನೋಡುವ ಆಸೆ. ಗಲ್ಫ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಬಹಳ ಮಂದಿ, ಊರಿನವರು ಬಂದರೆ ದೊಡ್ಡ ದೊಡ್ಡ ಮಾಲ್‌ಗಳಿಗೆ ಕರೆದೊಯ್ದು, ಒಂದು ಸಂಜೆ ಸಮುದ್ರ ತೀರ ತೋರಿಸಿ, ಉಳಿದ ದಿನ ಟಿ.ವಿ. ಮುಂದೆ ಕೂರಿಸಿಬಿಡುತ್ತಾರೆ. ಒಮಾನಿನಲ್ಲಿರುವವರು ಹಾಗೆ ಮಾಡಬೇಕಾದ ಅಗತ್ಯವೇ ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಾವು ಹೋದ ದಾರಿಯಲ್ಲೇ ಹೋಗಲು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ತಿಂಗಳು. ಊರಿನಲ್ಲಿ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಮಸ್ಕತ್‌ನ ಬಿಸಿಲು ಏರುವುದೂ ಆಗಲೇ. ಮೂರು ವರ್ಷಗಳ ಹಿಂದೆ ನಾವು ಈ ತಪ್ಪು ಮಾಡಿದ್ದೆವು. ಮೇ ಮಧ್ಯದಲ್ಲಿ, ತಾಪಮಾನ 40 ಡಿಗ್ರಿ ದಾಟಿದ್ದ ಒಂದು ದಿನ, ಬೆಳಗಿನ 11 ಗಂಟೆಗೆ ಮುತ್ರಾದ ಕಡಲಂಚಿನ ರಸ್ತೆಯಲ್ಲಿ ನಡೆಯುತ್ತಿದ್ದಾಗ ಅತ್ತೆಯವರಿಗೆ ತಲೆಸುತ್ತು ಬಂದು, ನೆರಳಿರುವ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಬೇಕಾಯಿತು. ಆ ಸಲ ಅವರು ನೋಡಿದ್ದು ನಮ್ಮ ಮನೆಯ ಎ.ಸಿ. ಕೋಣೆಯನ್ನು ಮಾತ್ರ. ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಹಗಲು ಸುಮಾರು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ರಾತ್ರಿ ತೆಳ್ಳನೆಯ ಸ್ವೆಟರ್ ಸಾಕು. ಕ್ರಿಸ್ಮಸ್ ರಜೆಗೆ ಇನ್ನೆರಡು ದಿನ ಶಾಲೆಯಿಂದ ಅನುಮತಿ ಪಡೆದಾದರೂ ಡಿಸೆಂಬರಿನಲ್ಲೇ ಕರೆಸಿಕೊಳ್ಳಿ. ಬೇಸಿಗೆಯಲ್ಲೇ ಬರುವುದು ಅನಿವಾರ್ಯವಾದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡ ಕವಿದು ಹಸಿರಾಗುವ ದಕ್ಷಿಣದ ಸಲಾಲಾಕ್ಕೆ ವಿಮಾನದಲ್ಲಿ ಹೋಗುವುದು ಒಂದು ದಾರಿ. ಮಸ್ಕತ್‌ನಿಂದ ರಸ್ತೆಯಲ್ಲಿ ಹೋದರೆ ಸುಮಾರು 1,000 ಕಿ.ಮೀ. ಆಗುತ್ತದೆ, ಹಿರಿಯರಿಗೆ ಅದು ಬೇಡ. ಆದರೆ ಕರಾವಳಿಯ ಮಳೆಯಲ್ಲೇ ಹುಟ್ಟಿ ಬೆಳೆದವರಿಗೆ ಮಳೆ ತೋರಿಸಲು ಅಷ್ಟು ದೂರ ಕರೆದೊಯ್ಯಬೇಕೇ ಎಂಬುದನ್ನು ನೀವೇ ಯೋಚಿಸಿ.

ಈ ಸಲ ನಾವು ಹಾಕಿಕೊಂಡ ನಿಯಮ ಒಂದೇ: ದಿನಕ್ಕೆ ಒಂದು ಜಾಗ, ಹೆಚ್ಚೆಂದರೆ ಎರಡು. ಬೆಳಿಗ್ಗೆ ಏಳೂವರೆಗೆ ಹೊರಟು, ಮಧ್ಯಾಹ್ನದ ಊಟಕ್ಕೆ ಮನೆ ಸೇರಿ, ಹಿರಿಯರು ಒಂದು ಗಂಟೆ ಮಲಗಿ ಎದ್ದ ನಂತರ, ಮನಸ್ಸಿದ್ದರೆ ಸಂಜೆ ನಾಲ್ಕರ ಮೇಲೆ ಮತ್ತೆ ಹೊರಡುವುದು. ಬಂದ ಮರುದಿನ ಎಲ್ಲಿಗೂ ಹೋಗಲಿಲ್ಲ.

ಮೊದಲು ನೋಡಿದ್ದು 2001ರಲ್ಲಿ ಉದ್ಘಾಟನೆಗೊಂಡ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿ. ಮುಸ್ಲಿಮೇತರರಿಗೆ ಶುಕ್ರವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11ರವರೆಗೆ ಮಾತ್ರ ಪ್ರವೇಶವಿರುವುದರಿಂದ ಎಂಟು ಗಂಟೆಗೇ ಬಾಗಿಲಲ್ಲಿರುವುದು ಒಳ್ಳೆಯದು. ಒಂಬತ್ತೂವರೆಯ ಹೊತ್ತಿಗೆ ಪ್ರವಾಸಿ ಬಸ್ಸುಗಳು ಬಂದು ಜನ ತುಂಬುತ್ತಾರೆ. ಹೆಂಗಸರು ಮಣಿಕಟ್ಟು ಮತ್ತು ಹಿಮ್ಮಡಿಯವರೆಗೆ ಮುಚ್ಚುವ ಬಟ್ಟೆ ಧರಿಸಿ ತಲೆಗೂದಲು ಕಾಣದಂತೆ ಹೊದೆಯಬೇಕು. ಸಲ್ವಾರ್ ಕಮೀಜಿಗೆ ಉದ್ದ ತೋಳು ಮತ್ತು ದುಪ್ಪಟ್ಟಾ ಇದ್ದರೆ ತೊಂದರೆಯಿಲ್ಲ. ಅತ್ತೆಯವರು ಸೀರೆ ಬಿಟ್ಟು ಬೇರೇನೂ ಉಡುವವರಲ್ಲ. ಸೀರೆಯ ಮೇಲೆ ತೊಡಲು ಬಾಗಿಲ ಬಳಿಯೇ ಬಾಡಿಗೆಗೆ ಸಿಗುವ ಅಬಾಯಾ ತೆಗೆದುಕೊಂಡೆವು. ಇದನ್ನು ಮನೆಯಲ್ಲೇ ಮೊದಲು ಹೇಳಿಟ್ಟರೆ ಹಿರಿಯರಿಗೆ ಅಲ್ಲಿ ಮುಜುಗರವಾಗುವುದಿಲ್ಲ. ಸುಮಾರು 3 ಲಕ್ಷ ಟನ್ ಭಾರತದ ಮರಳುಗಲ್ಲಿನಿಂದ ಕಟ್ಟಿದ ಈ ಮಸೀದಿಯಲ್ಲಿ, 600 ಹೆಂಗಸರು ನಾಲ್ಕು ವರ್ಷ ಕುಳಿತು ಗಂಟು ಹಾಕಿದ 21 ಟನ್ ತೂಕದ ಇರಾನಿ ರತ್ನಗಂಬಳಿಯ ಎದುರು ಅತ್ತೆಯವರು ಬಹಳ ಹೊತ್ತು ನಿಂತಿದ್ದರು. ಒಳಗೆ ಚಪ್ಪಲಿ ತೆಗೆದು ಅಮೃತಶಿಲೆಯ ಮೇಲೆ ನಡೆಯಬೇಕಾದ್ದರಿಂದ ಮಂಡಿನೋವಿನವರಿಗೆ ದಪ್ಪ ಕಾಲುಚೀಲ ಹಾಕಿಸಿ.

ಹಳೆಯ ಮಸ್ಕತ್ ಮತ್ತು ಮುತ್ರಾವನ್ನು ಒಂದೇ ಸಂಜೆಯಲ್ಲಿ ನೋಡಬಹುದು. ಅಲ್ ಆಲಂ ಅರಮನೆಯ ಎರಡೂ ಬದಿಯ ಬಂಡೆಗಳ ಮೇಲೆ ಜಲಾಲಿ ಮತ್ತು ಮೀರಾನಿ ಎಂಬ ಕೋಟೆಗಳಿವೆ. 1580ರ ದಶಕದಲ್ಲಿ ಅವುಗಳಿಗೆ ಈ ರೂಪ ಕೊಟ್ಟವರು, ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿ ನಿಂತ ಅದೇ ಪೋರ್ಚುಗೀಸರು. ಅರಮನೆಗೆ ಸಮೀಪದಲ್ಲೇ ಮೋತೀಶ್ವರ ಮಹಾದೇವ ದೇವಸ್ಥಾನವಿದೆ. ಗುಜರಾತಿನ ವ್ಯಾಪಾರಿ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಈ ಶಿವಾಲಯಕ್ಕೆ ಸೋಮವಾರ ಹೋದೆವು. ಅರಬರ ನಾಡಿನಲ್ಲಿ ಶಿವನಿಗೆ ನೀರೆರೆಯಲು ಸಿಕ್ಕಿತೆಂದು ಅತ್ತೆಯವರು ಊರಿಗೆ ಹೋದ ಮೇಲೂ ಎಲ್ಲರಿಗೂ ಹೇಳುತ್ತಿದ್ದಾರಂತೆ. ದಾರ್ಸೈತ್‌ನಲ್ಲಿ ಕೃಷ್ಣನ ಗುಡಿಯೂ ಇದೆ. ಮುತ್ರಾದ ಸೂಕ್, ಅಂದರೆ ಹಳೆಯ ಪೇಟೆ, ಮಧ್ಯಾಹ್ನ ಮುಚ್ಚಿರುವುದರಿಂದ ಸಂಜೆ ಐದರ ನಂತರವೇ ಹೋಗಬೇಕು. ಮುಖ್ಯ ಓಣಿಯಲ್ಲಿ ಪ್ರವಾಸಿಗರಿಗೆ ಹೇಳುವ ಬೆಲೆಗೂ ಒಳಗಿನ ಅಡ್ಡ ಓಣಿಗಳ ಬೆಲೆಗೂ ಬಹಳ ವ್ಯತ್ಯಾಸವಿದೆ. ಲೋಬಾನ ಕೊಳ್ಳುವವರು ಹಸಿರು ಛಾಯೆಯ ಹೋಜರಿ ಜಾತಿಯದನ್ನು ಕೇಳಿ, ಒಂದು ಹರಳನ್ನು ಕೆಂಡದ ಮೇಲೆ ಹಾಕಿಸಿ ಪರಿಮಳ ನೋಡಿಯೇ ತೆಗೆದುಕೊಳ್ಳಿ.

ಇನ್ನು ನಿಜ್ವಾ ಎಂಬ ಹಳೆಯ ಕೋಟೆಯ ಊರು. ನಿಮಗೆ ಒಂದೇ ಒಂದು ದಿನ ರಜೆ ಸಿಗುವುದಾದರೆ, ಅದು ಶುಕ್ರವಾರವಾದರೆ, ಬೇರೇನೂ ಯೋಚಿಸದೆ ಇಲ್ಲಿಗೆ ಹೋಗಿ. ಮಸ್ಕತ್‌ನಿಂದ ಸುಮಾರು 140 ಕಿ.ಮೀ., ರಸ್ತೆ ಅತ್ಯುತ್ತಮವಾಗಿರುವುದರಿಂದ ಒಂದೂವರೆ ಗಂಟೆಯ ದಾರಿ. ಶುಕ್ರವಾರ ಬೆಳಿಗ್ಗೆ ಕೋಟೆಯ ಪಕ್ಕದಲ್ಲಿ ಆಡು ಕುರಿಗಳ ಸಂತೆ ನಡೆಯುತ್ತದೆ. ಕೊಳ್ಳುವವರು ಸುತ್ತಲೂ ಸಾಲಾಗಿ ನಿಂತಿರುತ್ತಾರೆ, ಮಾರುವವರು ಆಡಿನ ಹಗ್ಗ ಹಿಡಿದು ಬೆಲೆ ಕೂಗುತ್ತಾ ಅವರ ನಡುವೆ ಸುತ್ತು ಹಾಕುತ್ತಾರೆ. ಬೇಕಾದವರು ಕೈಚಾಚಿ ನಿಲ್ಲಿಸಿ ಹಲ್ಲು ನೋಡಿ, ಬೆನ್ನು ಒತ್ತಿ, ಚೌಕಾಸಿ ಮಾಡುತ್ತಾರೆ. ಒಂಬತ್ತರ ಹೊತ್ತಿಗೆ ಸಂತೆ ಕರಗಿಬಿಡುವುದರಿಂದ ನಾವು ಬೆಳಿಗ್ಗೆ ಐದೂವರೆಗೇ ಮನೆ ಬಿಟ್ಟೆವು. ಏಳೂವರೆಗೆ ಹೊರಡುವ ನಿಯಮವನ್ನು ಮುರಿದದ್ದು ಇದೊಂದೇ ಸಲ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ಕೋಟೆಯ ದುಂಡು ಬುರುಜು ಬಹಳ ದೊಡ್ಡದು, ಮೇಲೇರುವ ಮೆಟ್ಟಿಲುಗಳು ಕಿರಿದು ಮತ್ತು ಕಡಿದು. ಮಕ್ಕಳು ಮೇಲೇರಿ, ಶತ್ರುಗಳ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದ ಕಿಂಡಿಗಳನ್ನು ನೋಡಿ ಬಂದರು. ಅತ್ತೆಯವರು ಕೆಳಗೆ ನನ್ನ ಜೊತೆ ಕುಳಿತು ಏಲಕ್ಕಿಯ ಕಹ್ವಾ, ಅಂದರೆ ಅರಬಿ ಕಾಫಿ, ಕುಡಿದು, ಕೇಸರಿ ಹಾಕಿದ ಬಿಸಿ ಹಲ್ವ ತಿಂದರು.

ಆದರೆ ನಮ್ಮ ಇಡೀ ತಿರುಗಾಟದಲ್ಲಿ ಮಾವನವರ ಮನಸ್ಸು ನಿಂತದ್ದು ನಿಜ್ವಾಕ್ಕಿಂತ ಸ್ವಲ್ಪ ಮೊದಲು ಸಿಗುವ ಬಿರ್ಕತ್ ಅಲ್ ಮೌಜ್ ಎಂಬ ಹಳ್ಳಿಯಲ್ಲಿ. ಮೌಜ್ ಎಂದರೆ ಅರಬಿಯಲ್ಲಿ ಬಾಳೆ. ಖರ್ಜೂರದ ಮರಗಳ ನೆರಳಿನಲ್ಲಿ ಬಾಳೆ ಬೆಳೆದ ತೋಟಗಳು ಇಲ್ಲಿವೆ, ಮೇಲಿನ ಗುಡ್ಡದಲ್ಲಿ ಬಿಟ್ಟುಹೋದ ಮಣ್ಣಿನ ಮನೆಗಳಿವೆ. ತೋಟಕ್ಕೆ ನೀರು ಬರುವುದು ಫಲಜ್‌ನಿಂದ. ಬೆಟ್ಟದ ಬುಡದ ನೆಲದಡಿಯ ನೀರನ್ನು ಸುರಂಗ ತೋಡಿ, ಯಾವ ಪಂಪೂ ಇಲ್ಲದೆ, ಕೇವಲ ಇಳಿಜಾರಿನ ಬಲದಿಂದ ಊರಿಗೆ ತರುವ ಕಾಲುವೆ ಅದು. ಒಮಾನಿನಲ್ಲಿ ಇಂಥ 3,000ಕ್ಕೂ ಹೆಚ್ಚು ಫಲಜ್‌ಗಳು ಈಗಲೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಯ ಖತ್ಮೀನ್ ಫಲಜ್ ಅವುಗಳಲ್ಲಿ ಒಂದು, ನಿಜ್ವಾದ ದಾರಿಸ್ ಫಲಜ್ ಇನ್ನೊಂದು. ಬಂಟ್ವಾಳ ಮತ್ತು ಕಾಸರಗೋಡಿನ ಕಡೆಯವರಿಗೆ ಸುರಂಗ ಹೊಸದಲ್ಲ. ನಮ್ಮ ತೋಟದ ನೀರೂ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗದಿಂದಲೇ ಕೆರೆಗೆ ಇಳಿಯುವುದು. ಮಾವನವರು ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ನೀರಿಗೆ ಕೈ ಇಳಿಬಿಟ್ಟು ಹರಿವಿನ ವೇಗ ನೋಡಿದರು. ತೋಟವೊಂದಕ್ಕೆ ತಿರುಗುವ ಕವಲಿನ ಬಾಯಿಗೆ ಚಪ್ಪಟೆ ಕಲ್ಲು ಇಟ್ಟು, ಸಂದಿಗೆ ಹಳೆಯ ಬಟ್ಟೆ ತುರುಕಿದ್ದನ್ನು ತೋರಿಸಿ, “ನೋಡು, ನಾವು ಅಡಿಕೆ ಹಾಳೆ ತುರುಕುತ್ತೇವೆ, ಇವರು ಬಟ್ಟೆ ತುರುಕುತ್ತಾರೆ, ಅಷ್ಟೇ ವ್ಯತ್ಯಾಸ” ಎಂದರು. ಅಲ್ಲಿಗೆ ಬಂದ ವಯಸ್ಸಾದ ಒಮಾನಿ ರೈತರೊಬ್ಬರು, ನನ್ನ ಪತಿಯ ಹರಕು ಮುರುಕು ಅರಬಿಯ ಮೂಲಕ, ಪಾಲು ಹಂಚುವ ಕ್ರಮವನ್ನು ವಿವರಿಸಿದರು: ಒಂದೊಂದು ತೋಟಕ್ಕೆ ಇಷ್ಟಿಷ್ಟು ಹೊತ್ತು ನೀರು, ಹಿಂದೆ ಹಗಲಿನಲ್ಲಿ ನೆಟ್ಟ ಕೋಲಿನ ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಹೊತ್ತು ಅಳೆಯುತ್ತಿದ್ದರು. ನಾವು ಅಲ್ಲಿ ಇಪ್ಪತ್ತು ನಿಮಿಷ ಎಂದುಕೊಂಡಿದ್ದೆವು, ಎರಡು ಗಂಟೆ ಕಳೆಯಿತು. ಕೃಷಿಕ ಹಿರಿಯರಿದ್ದರೆ ಈ ಹಳ್ಳಿಗೆ ಅರ್ಧ ದಿನ ಮೀಸಲಿಡಿ. ಜನ ವಾಸಿಸುವ ಊರಾದ್ದರಿಂದ ಮನೆಗಳ ಮತ್ತು ಹೆಂಗಸರ ಫೋಟೊ ತೆಗೆಯಬೇಡಿ, ಕಾಲುವೆಯಲ್ಲಿ ಸಾಬೂನು ಬಳಸಬೇಡಿ.

ಜಬಲ್ ಅಖ್ದರ್ ಬೆಟ್ಟಕ್ಕೆ ಏರುವ ರಸ್ತೆ ಇದೇ ಹಳ್ಳಿಯಿಂದ ಶುರುವಾಗುತ್ತದೆ. ಬುಡದಲ್ಲಿ ಪೊಲೀಸ್ ತಪಾಸಣೆಯಿದ್ದು, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ಗಾಡಿಗಳನ್ನು ಮಾತ್ರ ಬಿಡುತ್ತಾರೆ. ಹತ್ತುವುದಕ್ಕಿಂತ ಇಳಿಯುವಾಗ ಬ್ರೇಕ್ ಕಾದು ಕೈಕೊಡುವ ಭಯವೇ ಇದಕ್ಕೆ ಕಾರಣ. ನಿಮ್ಮ ಬಳಿ ಅಂಥ ಗಾಡಿ ಇಲ್ಲದಿದ್ದರೆ ಬುಡದಲ್ಲೇ ಚಾಲಕನ ಸಮೇತ ಬಾಡಿಗೆಗೆ ಸಿಗುತ್ತದೆ, ಆ ರಸ್ತೆ ಪಳಗಿದವರೇ ಓಡಿಸುವುದು ಹಿರಿಯರಿಗೂ ಧೈರ್ಯ. ಸುಮಾರು 2,000 ಮೀಟರ್ ಎತ್ತರದಲ್ಲಿ ಡಿಸೆಂಬರಿನ ಸಂಜೆ ಕೊಡಗಿನ ಚಳಿಗಿಂತ ಹೆಚ್ಚೇ ಇರುತ್ತದೆ. ಕಿವಿ ಮುಚ್ಚುವ ಟೋಪಿ ಒಯ್ಯಿರಿ. ಗುಲಾಬಿ ಅರಳಿ, ಮನೆಮನೆಯಲ್ಲೂ ಪನ್ನೀರು ಇಳಿಸುವುದನ್ನು ನೋಡಬೇಕಾದರೆ ಮಾತ್ರ ಏಪ್ರಿಲ್‌ನಲ್ಲಿ ಬರಬೇಕು.

ಎರಡನೆಯ ವಾರ ಏಳು ಆಸನಗಳ ಗಾಡಿ ಬಾಡಿಗೆಗೆ ಹಿಡಿದು ಪೂರ್ವದ ಕಡೆ ಎರಡು ರಾತ್ರಿಗಳ ಸುತ್ತು ಹಾಕಿದೆವು. ವಾದಿ ಎಂದರೆ ಬೆಟ್ಟಗಳ ನಡುವಿನ ಹಳ್ಳ. ವಾದಿ ಬನಿ ಖಾಲಿದ್‌ನಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಸಮತಟ್ಟಾದ ಕಾಲುದಾರಿಯಲ್ಲಿ ನಡೆದರೆ ಬೋಳು ಬೆಟ್ಟಗಳ ನಡುವೆ ಹಸಿರು ನೀರಿನ ಮಡುಗಳಿವೆ, ವರ್ಷವಿಡೀ ನೀರಿರುತ್ತದೆ. ಅತ್ತೆಯವರು ಕಾಲು ಇಳಿಬಿಟ್ಟು ಕುಳಿತರೆ ಸಣ್ಣ ಮೀನುಗಳು ಬಂದು ಪಾದಕ್ಕೆ ಮುತ್ತಿದವು. ಬಹಳ ಮಂದಿ ಹೊಗಳುವ ವಾದಿ ಶಾಬ್ ಹಾಗಲ್ಲ. ದೋಣಿಯಲ್ಲಿ ದಾಟಿ ಮುಕ್ಕಾಲು ಗಂಟೆ ಬಂಡೆಗಳ ಮೇಲೆ ನಡೆಯಬೇಕು, ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಯಾವ ವಾದಿಯಾದರೂ ಸರಿ, ಬೆಟ್ಟದ ಕಡೆ ಮೋಡ ಕವಿದಿದ್ದರೆ ಇಳಿಯಲೇಬಾರದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ದೂರದ ಮಳೆಯ ನೀರು ನಿಮಿಷಗಳಲ್ಲಿ ಗೋಡೆಯಂತೆ ಬರುತ್ತದೆ. ಹರಿಯುವ ವಾದಿಗೆ ಗಾಡಿ ಇಳಿಸುವುದು ಇಲ್ಲಿ ಶಿಕ್ಷಾರ್ಹ ಅಪರಾಧವೂ ಹೌದು.

ಆ ರಾತ್ರಿ ಬಿದಿಯಾದ ಮರಳುಗಾಡಿನ ಶಿಬಿರದಲ್ಲಿ ತಂಗಿದೆವು. ಶಿಬಿರ ಗೊತ್ತುಮಾಡುವಾಗ ಕೋಣೆಗೆ ಸೇರಿದ ಶೌಚಾಲಯ, ಅದರಲ್ಲಿ ಎತ್ತರದ ಕಮೋಡ್, ಎರಡು ಕಂಬಳಿ, ಸಸ್ಯಾಹಾರ ಇವೆಲ್ಲ ಇವೆಯೇ ಎಂದು ಕೇಳಿ ಖಾತ್ರಿಪಡಿಸಿಕೊಳ್ಳಿ. ದಿಬ್ಬಗಳ ಮೇಲೆ ಗಾಡಿ ಹಾರಿಸುವ ಆಟಕ್ಕೆ ಮಕ್ಕಳನ್ನು ಮಾತ್ರ ಕಳಿಸಿದೆವು. ಸೊಂಟ ನೋವಿನವರಿಗೆ ಅದು ಸಲ್ಲದು. ಹಿರಿಯರು ಕುಳಿತ ಗಾಡಿಯ ಚಾಲಕನಿಗೆ “ಶ್ವೈ ಶ್ವೈ”, ಅಂದರೆ ಮೆಲ್ಲಗೆ, ಎಂದರೆ ಅರ್ಥವಾಗುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಆಕಾಶದಲ್ಲಿ ಮಾವನವರು ಕೃತ್ತಿಕೆ, ರೋಹಿಣಿ, ಮೃಗಶಿರಗಳನ್ನು ಒಂದೊಂದಾಗಿ ಮೊಮ್ಮಕ್ಕಳಿಗೆ ಗುರುತಿಸಿ ತೋರಿಸಿದರು.

ಮರುದಿನ ಕಡಲತೀರದ ಸೂರ್ ಪಟ್ಟಣ. ಮರದ ಹಡಗು ಕಟ್ಟುವ ಕಾರ್ಖಾನೆ ಮತ್ತು 1951ರಲ್ಲಿ ಕಟ್ಟಿದ ‘ಫತಹ್ ಅಲ್ ಖೈರ್’ ಎಂಬ ಹಡಗು ಇಲ್ಲಿವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯಿತ್ತು, ಮಂಗಳೂರಿನ ಅಕ್ಕಿ ಹಡಗಿನಲ್ಲಿ ಈ ತೀರಕ್ಕೆ ಬರುತ್ತಿತ್ತು. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪದ ಮಂಜಿಗಳಿಗೆ, ಅಂದರೆ ಮರದ ಸರಕು ಹಡಗುಗಳಿಗೆ, ಸರಕು ತುಂಬುವುದನ್ನು ಕಂಡ ನಮ್ಮ ಕಡೆಯವರಿಗೆ ಈ ಜಾಗ ಹಿಡಿಸುತ್ತದೆ. ಸಮೀಪದ ರಾಸ್ ಅಲ್ ಜಿಂಜ್‌ನಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದನ್ನು ರಾತ್ರಿ ಮಾರ್ಗದರ್ಶಕರ ಜೊತೆ ನೋಡಬಹುದು, ಮುಂಗಡ ಕಾಯ್ದಿರಿಸಬೇಕು; ಮರಳಿನಲ್ಲಿ ಕತ್ತಲೆಯಲ್ಲಿ ನಡೆಯಬೇಕಾದ್ದರಿಂದ ಅತ್ತೆಯವರು ವಸತಿಯಲ್ಲೇ ಉಳಿದರು.

ಊಟದ ವಿಷಯದಲ್ಲಿ ಮಸ್ಕತ್‌ನ ರೂವಿಯಲ್ಲಿ ದೋಸೆ, ಇಡ್ಲಿಗೆ ಕೊರತೆಯಿಲ್ಲ. ದೂರ ಹೋಗುವ ದಿನ ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿಕೊಳ್ಳಿ. ಮಾತ್ರೆಗಳನ್ನು ಊರಿನಿಂದ ಬರುವಾಗ ವೈದ್ಯರ ಚೀಟಿಯ ಸಮೇತ, ಮೂಲ ಪೊಟ್ಟಣದಲ್ಲೇ, ಒಂದು ವಾರಕ್ಕೆ ಹೆಚ್ಚಾಗುವಷ್ಟು ತರಲು ಹೇಳಿ. ಪ್ರಯಾಣ ವಿಮೆಯನ್ನು ಟಿಕೆಟಿನ ಜೊತೆಗೇ ಮಾಡಿಸಿ. ಮರಳುವಾಗ ಖಲಾಸ್ ಅಥವಾ ಫರ್ದ್ ಖರ್ಜೂರವನ್ನು ಪೇಟೆಯಲ್ಲಿ ರುಚಿ ನೋಡಿ ಕಿಲೋ ಲೆಕ್ಕದಲ್ಲಿ ಕೊಳ್ಳುವುದೇ ಲೇಸು, ವಿಮಾನ ನಿಲ್ದಾಣದಲ್ಲಿ ದುಬಾರಿ. ಪನ್ನೀರಿನ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಬಿರಡೆಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ದೊಡ್ಡ ಪೆಟ್ಟಿಗೆಯ ಬಟ್ಟೆಗಳ ನಡುವೆ ಇಡಿ.