ನನ್ನ ಗಿಟಾರ್ ಕೇಳಿಸಿಕೊಂಡವರು

ನಿಜವಾದ ಗಿಟಾರ್ ನುಡಿಸಿ ಆಡುವ ರಾಕ್‌ಸ್ಮಿತ್ ಎಂಬ ವಿಡಿಯೋ ಗೇಮ್‌ನಲ್ಲಿ ಹೊಸ ಹಾಡೊಂದನ್ನು ತೆರೆದರೆ ಮೊದಲ ಸಲ ಅದು ನಮ್ಮಿಂದ ಕೇಳುವುದು ತೀರಾ ಕಡಿಮೆ. ಇಲ್ಲೊಂದು ಸ್ವರ, ಅಲ್ಲೊಂದು ಸ್ವರ, ಅಷ್ಟೇ. ಹಿಂದೆ ಡ್ರಮ್ಸ್, ಬೇಸ್, ಗಾಯಕ ಎಲ್ಲರೂ ಪೂರ್ತಿ ದನಿಯಲ್ಲಿ ಇರುತ್ತಾರೆ. ಅವರ ನಡುವೆ ನಾವು ಬಿಡಿ ಸ್ವರಗಳನ್ನು ಸರಿಯಾದ ಹೊತ್ತಿಗೆ ಮೀಟುತ್ತಾ ಹೋಗಬೇಕು. ತಪ್ಪಿಲ್ಲದೆ ಮೀಟಿದರೆ ಅದೇ ಸಾಲು ಮತ್ತೆ ಬರುವಾಗ ಇನ್ನೆರಡು ಸ್ವರ ಸೇರಿಕೊಳ್ಳುತ್ತವೆ, ಮುಂದೆ ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳು ಬರುತ್ತವೆ. ತಪ್ಪಿದರೆ ಸದ್ದಿಲ್ಲದೆ ಹೊರೆ ಇಳಿಸುತ್ತದೆ. ಹಾಡು ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ.

ಇದು ನನ್ನ ಮನಸ್ಸಿಗೆ ಅಷ್ಟು ನಾಟಿದ್ದಕ್ಕೆ ಕಾರಣವಿದೆ. ನಾನು ಬೆಳೆದದ್ದು ಸಂಗೀತಪಾಠ ನಡೆಯುತ್ತಿದ್ದ ಮನೆಯಲ್ಲಿ. ಅಮ್ಮ ಶಿವಮೊಗ್ಗದಲ್ಲಿ ಕೇರಿಯ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತಿದ್ದಳು. ಪುರಂದರದಾಸರು ಹಾಕಿಕೊಟ್ಟದ್ದೆಂದು ಹೇಳಲಾಗುವ ಕ್ರಮ ಅದು: ಮಾಯಾಮಾಳವಗೌಳ ರಾಗದಲ್ಲಿ ಸ್ವರಾಭ್ಯಾಸದ ಸಾಲುಗಳಾದ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಗೀತೆ. ಕೀರ್ತನೆ ಬಾಯಿಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆ ದಾರಿಯ ಮೇಲೆ ನನಗೆ ಅಪಾರ ಗೌರವವಿದೆ. ಗಟ್ಟಿ ದನಿಗಳು ಅದರಿಂದಲೇ ಬಂದಿವೆ. ಆದರೆ ನಲವತ್ತರ ಹತ್ತಿರ ಬಂದವನು ಕಚೇರಿ, ಟ್ರಾಫಿಕ್, ಮಗಳ ಹೋಂವರ್ಕ್ ಎಲ್ಲ ಮುಗಿಸಿ ರಾತ್ರಿ ಗಿಟಾರ್ ಎತ್ತಿಕೊಂಡಾಗ ಅವನಿಗೆ ಅಭ್ಯಾಸದ ಸಾಲುಗಳಿಗಿಂತ ಮೊದಲು ಸಂಗೀತವೇ ಬೇಕಾಗಿರುತ್ತದೆ. ರಾಕ್‌ಸ್ಮಿತ್ ಕೀರ್ತನೆಯನ್ನು ಮೊದಲು ಕೈಗಿಟ್ಟು ಸರಳೆಯನ್ನು ಅದರೊಳಗೇ ಕಲಿಸುತ್ತದೆ.

ಗಿಟಾರ್ ನನಗೆ ಹೊಸತಲ್ಲ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯರ ಜೊತೆ ಕಲಿತಿದ್ದೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಎಂಬ ರಾಕ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಬಸ್ ಹಿಡಿದು ಹೋಗಿ, ಮೂರು ಗಿಟಾರ್‌ಗಳು ಒಟ್ಟಿಗೆ ಮೊರೆಯುವುದನ್ನು ಎದೆಯಲ್ಲಿ ತುಂಬಿಕೊಂಡು ಬಂದಿದ್ದೆ. ಆಮೇಲೆ ಕೆಲಸ, ಮದುವೆ, ಬಾಡಿಗೆ ಮನೆಗಳ ಬದಲಾವಣೆ. ಗಿಟಾರ್ ಅಟ್ಟ ಸೇರಿತು, ತಂತಿಗಳು ತುಕ್ಕು ಹಿಡಿದವು.

ಈ ಬಗೆಯ ಆಟಗಳ ಚರಿತ್ರೆ ಚಿಕ್ಕದು. 2005ರಲ್ಲಿ ಬಂದ ಗಿಟಾರ್ ಹೀರೋದಲ್ಲಿ ಇದ್ದದ್ದು ಪ್ಲಾಸ್ಟಿಕ್ ಗಿಟಾರ್, ಅದರ ಕತ್ತಿನ ಮೇಲೆ ಐದು ಬಣ್ಣದ ಗುಂಡಿಗಳು. ಅದು ಲಯ ಕಲಿಸಿತು, ವಾದ್ಯವನ್ನಲ್ಲ. ಯೂಬಿಸಾಫ್ಟ್‌ನ ಸ್ಯಾನ್ ಫ್ರಾನ್ಸಿಸ್ಕೋ ಸ್ಟುಡಿಯೋ 2011ರಲ್ಲಿ ತಂದ ರಾಕ್‌ಸ್ಮಿತ್ ಗುಂಡಿಗಳನ್ನು ಬಿಟ್ಟು ನಿಜವಾದ ಗಿಟಾರನ್ನೇ ಕೈಗೆ ಕೊಟ್ಟಿತು. ಒಂದು ತುದಿ ಗಿಟಾರ್‌ಗೆ, ಇನ್ನೊಂದು ತುದಿ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಸೇರುವ ಕೇಬಲ್ ಒಂದೇ ಅದರ ವಿಶೇಷ ಸಾಮಗ್ರಿ. 2013ರಲ್ಲಿ ಬಂದ ಎರಡನೆಯ ಆವೃತ್ತಿಯ ಹೆಸರು ರಾಕ್‌ಸ್ಮಿತ್ 2014. 2023ರಲ್ಲಿ ಅದನ್ನು ಮಾರಾಟದಿಂದ ತೆಗೆದರು, ಅದಕ್ಕೂ ಮೊದಲೇ ಚಂದಾ ಕಟ್ಟಿ ಬಳಸುವ ರಾಕ್‌ಸ್ಮಿತ್ ಪ್ಲಸ್ ಬಂದಿತ್ತು. ನಾನು ಹಳೆಯದನ್ನು ಮೊದಲೇ ಕೊಂಡಿದ್ದೆ. ಅದನ್ನು ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಯೂಟ್ಯೂಬ್‌ನಲ್ಲಿ ಒಳ್ಳೆಯ ಗಿಟಾರ್ ಪಾಠಗಳು ಬೇಕಾದಷ್ಟಿವೆ. ಆದರೆ ಅವು ಹೇಳುತ್ತವೆ, ಕೇಳಿಸಿಕೊಳ್ಳುವುದಿಲ್ಲ. ಈ ಆಟ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಳ್ಳುವುದೂ ಸಣ್ಣ ಕೆಲಸವಲ್ಲ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ, ಅಂದರೆ ಒಂದು ಕಂಪನಕ್ಕೆ 12 ಮಿಲಿಸೆಕೆಂಡು. ಒಂದೆರಡು ಕಂಪನಗಳಾದರೂ ಮುಗಿಯದೆ ಇದು ಯಾವ ಸ್ವರ ಎಂದು ಯಂತ್ರ ಹೇಳುವಂತಿಲ್ಲ. ಅದರ ಮೇಲೆ ಟಿ.ವಿ.ಯೂ ತನ್ನ ಪಾಲಿನ ವಿಳಂಬ ಸೇರಿಸಿದರೆ, ಮೀಟಿದ ಸ್ವರ ಸ್ಪೀಕರಿನಿಂದ ಹೊರಡುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಸದ್ದನ್ನು ಟಿ.ವಿ.ಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಬಿಟ್ಟು ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ನೇರವಾಗಿ ಸ್ಪೀಕರಿಗೆ ತಂತಿ ಎಳೆದ ಮೇಲೆ ಬೆರಳು ಮತ್ತು ಕಿವಿ ಒಂದೇ ಗಳಿಗೆಯಲ್ಲಿ ಸೇರಿದವು. ಈ ಆಟ ಶುರು ಮಾಡುವವರು ಯಾರೇ ಆಗಲಿ, ಮೊದಲು ಈ ಕೆಲಸ ಮಾಡಿಕೊಳ್ಳಲಿ.

ಕೈ ಎಲ್ಲವನ್ನೂ ಮರೆತಿರಲಿಲ್ಲ. ಇ ಮೈನರ್, ಜಿ, ಸಿ ಕಾರ್ಡ್‌ಗಳು ತಾವಾಗಿಯೇ ಬಂದವು. ಎಫ್ ಕಾರ್ಡ್ ಬರಲಿಲ್ಲ. ತೋರುಬೆರಳನ್ನು ಮೊದಲ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳು ಮಾಡುವ ಮೊದಲ ಮನೆಯಲ್ಲಿ, ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಬೆರಳಿನ ಗೆಣ್ಣಿನ ಕೆಳಗೆ ಮೆತ್ತಗಿನ ಮಡಿಕೆಯೊಂದಿದೆ. ಎರಡನೆಯ ತಂತಿ ಸರಿಯಾಗಿ ಆ ಮಡಿಕೆಗೇ ಬಂದು ಕೂರುತ್ತದೆ ಮತ್ತು ಟಪ್ ಎಂದು ಸತ್ತುಹೋಗುತ್ತದೆ. ಬೆರಳನ್ನು ಸ್ವಲ್ಪ ಹೊರಳಿಸಿ ಪಕ್ಕದ ಮೂಳೆಯ ಅಂಚಿನಿಂದ ಒತ್ತಿ, ಮೊಣಕೈಯನ್ನು ಮೈಗೆ ಹತ್ತಿರ ತಂದರೆ ತಂತಿ ಬಾಯಿ ಬಿಡುತ್ತದೆ. ವಿಚಿತ್ರವೆಂದರೆ ಆ ತಂತಿ ಸತ್ತಿದ್ದಾಗಲೂ ಆಟ ಹಲವು ಸಲ ಸರಿ ಎಂದೇ ಅಂಕ ಕೊಡುತ್ತಿತ್ತು. ಕಾರ್ಡ್ ಮಟ್ಟಿಗೆ ಅದರ ಕಿವಿ ಉದಾರ. ಹಾಗಾಗಿ ಅಂಕ ನೋಡುವುದನ್ನು ಬಿಟ್ಟು, ಒಂದೊಂದೇ ತಂತಿಯನ್ನು ಮೀಟಿ ಕೇಳುತ್ತಾ ಕುಳಿತೆ.

ಆಟದ ಎರಡು ಸೌಲಭ್ಯಗಳನ್ನು ನಾನು ತುಂಬ ಮೆಚ್ಚುತ್ತೇನೆ. ಒಂದು ರಿಫ್ ರಿಪೀಟರ್: ಕಷ್ಟದ ಸಾಲನ್ನು ಕತ್ತರಿಸಿ, ಶ್ರುತಿ ಕೆಡಿಸದೆ ವೇಗ ಇಳಿಸಿ, ಮತ್ತೆ ಮತ್ತೆ ನುಡಿಸಲು ಬಿಡುತ್ತದೆ. ವಿಳಂಬ ಕಾಲದಲ್ಲಿ ಗಟ್ಟಿಯಾಗದೆ ಎರಡನೆಯ ಕಾಲಕ್ಕೆ ಹೋಗಕೂಡದೆಂದು ಅಮ್ಮ ಶಿಷ್ಯರನ್ನು ತಡೆಯುತ್ತಿದ್ದುದೂ ಇದಕ್ಕೇ. ಇನ್ನೊಂದು ಮಾಸ್ಟರ್ ಮೋಡ್. ಹಾಡು ಪೂರ್ತಿ ಹಿಡಿತಕ್ಕೆ ಬಂದ ಮೇಲೆ ಪರದೆಯ ಮೇಲಿನ ಬಣ್ಣದ ಸ್ವರಗಳು ಮೆಲ್ಲಗೆ ಮಾಸುತ್ತಾ ಹೋಗುತ್ತವೆ, ಕೊನೆಗೆ ಖಾಲಿ ದಾರಿ. ಕೈಯಲ್ಲಿ ಇರುವುದೆಷ್ಟು, ಕಣ್ಣಿನ ಭರವಸೆಯಲ್ಲಿ ನಡೆಯುತ್ತಿದ್ದುದೆಷ್ಟು ಎಂದು ಆಗ ತಿಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ಅಮ್ಮ ಬೆಂಗಳೂರಿಗೆ ಬಂದಿದ್ದಳು. ಒಂದು ಭಾನುವಾರ ಮಧ್ಯಾಹ್ನ ನಾನು ಸೆಷನ್ ಮೋಡ್ ತೆರೆದು ಕುಳಿತಿದ್ದೆ. ಅದರಲ್ಲಿ ಹಾಡಿಲ್ಲ, ಅಂಕವಿಲ್ಲ. ನಾವು ಒಂದು ಸ್ಕೇಲ್, ಅಂದರೆ ಸ್ವರಗಳ ಒಂದು ಗುಂಪು, ಆರಿಸಿಕೊಂಡು ಮನಸ್ಸಿಗೆ ಬಂದದ್ದನ್ನು ನುಡಿಸುತ್ತೇವೆ. ಆಟದೊಳಗಿನ ವಾದ್ಯಗಾರರು ನಮ್ಮನ್ನು ಹಿಂಬಾಲಿಸುತ್ತಾರೆ, ಜೋರಾಗಿ ಮೀಟಿದರೆ ಜೋರಾಗುತ್ತಾರೆ. ನಾನು ಆರಿಸಿಕೊಂಡದ್ದು ಎ ಮೈನರ್ ಪೆಂಟಟಾನಿಕ್ ಎಂಬ ಐದು ಸ್ವರಗಳ ಸ್ಕೇಲ್, ಬ್ಲೂಸ್ ಮತ್ತು ರಾಕ್ ಗಿಟಾರಿಸ್ಟರ ನಿತ್ಯದ ಅನ್ನ. ಸೊಪ್ಪು ಬಿಡಿಸುತ್ತಾ ಕುಳಿತಿದ್ದ ಅಮ್ಮ ತಲೆ ಎತ್ತಿದಳು.

"ಅದು ಶುದ್ಧ ಧನ್ಯಾಸಿಯಲ್ಲವೇನೋ?"

ಆ ರಾಗದ ಸ್ವರಗಳನ್ನು ಎಣಿಸಿ ನೋಡಿದೆ. ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಹೌದು, ಅದೇ. ಹಾಸ್ಟೆಲಿನ ದಿನಗಳಿಂದ ಬ್ಲೂಸ್ ಎಂದುಕೊಂಡು ನುಡಿಸುತ್ತಿದ್ದ ಐದು ಸ್ವರಗಳು ನಮ್ಮ ಹಜಾರದಲ್ಲಿ ಸಂಜೆ ಹೊತ್ತು ಕೇಳುತ್ತಿದ್ದವೇ ಆಗಿದ್ದವು.

ಅಮ್ಮ ದಾಸರ ಪದವೊಂದನ್ನು ಎತ್ತಿಕೊಂಡಳು. ನನ್ನ ಶ್ರುತಿ ಎ, ಹಾರ್ಮೋನಿಯಂನ ಆರನೆಯ ಬಿಳಿ ಮನೆ, ಅಂದರೆ ಬಿಳಿ ಆರು. ಅವಳದು ಬಿಳಿ ಐದು, ಅಂದರೆ ಜಿ. ಕೈಯನ್ನು ಐದನೆಯ ಫ್ರೆಟ್‌ನಿಂದ ಮೂರನೆಯದಕ್ಕೆ ಸರಿಸಿದೆ, ಆಟದಲ್ಲೂ ಶ್ರುತಿ ಬದಲಿಸಿದೆ. ಗಿಟಾರಿನ ದೊಡ್ಡ ಸುಖ ಇದು: ಬೆರಳುಗಳ ವಿನ್ಯಾಸ ಹಾಗೇ ಇರುತ್ತದೆ, ಜಾಗವೊಂದೇ ಬದಲಾಗುತ್ತದೆ. ಶ್ರುತಿ ಕೂಡಿತು, ತಾಳ ಕೂಡಲಿಲ್ಲ. ಅವಳು ಹಾಡುತ್ತಿದ್ದುದು ಖಂಡ ಛಾಪು, ತೊಡೆಯ ಮೇಲೆ ತಕ ತಕಿಟ ಎಂದು ಐದರ ಎಣಿಕೆ. ಆಟದ ಡ್ರಮ್ಸ್ ನಾಲ್ಕು ಬಿಟ್ಟು ಕದಲುವುದಿಲ್ಲ. "ಅವನನ್ನು ಸುಮ್ಮನಿರಿಸು" ಎಂದಳು ಅಮ್ಮ. ಆಟವನ್ನೇ ಮುಚ್ಚಿ ಮೊಬೈಲಿನಲ್ಲಿ ತಂಬೂರಿ ಹಾಕಿಟ್ಟೆ.

ಆಮೇಲೆ ನಡೆದದ್ದು ಪಾಠ. ಮೂರನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಗಾಂಧಾರ ಸಿಗುತ್ತದೆ. ನಾನು ಅದನ್ನು ಒತ್ತಿ, ಮೀಟಿ, ಬಿಟ್ಟೆ. ಆಟವಾಗಿದ್ದರೆ ಸರಿಯೆಂದು ಮುಂದೆ ಹೋಗುತ್ತಿತ್ತು.

"ಗಾಂಧಾರ ಹಾಗೆ ಬೆಪ್ಪಾಗಿ ನಿಲ್ಲಬಾರದು. ಮಧ್ಯಮದ ಕಡೆ ಹೋಗಿ ಬರಲಿ."

ವೀಣೆಯವರು ಮಾಡುವ ಹಾಗೆ ತಂತಿಯನ್ನು ಅಡ್ಡಕ್ಕೆ ಎಳೆದು ಬಿಟ್ಟೆ. "ಇನ್ನೂ ಸ್ವಲ್ಪ." ಎಳೆದೆ. "ಅಷ್ಟು ಅವಸರ ಬೇಡ." ಎಲೆಕ್ಟ್ರಿಕ್ ಗಿಟಾರಿನ ತಂತಿ ತೆಳ್ಳಗಿರುವುದರಿಂದ ಬೆರಳು ತಾಳಿಕೊಂಡಿತು. ಬ್ಲೂಸ್‌ನವರೂ ಇದೇ ಸ್ವರವನ್ನು ಹೀಗೆಯೇ ಎಳೆಯುತ್ತಾರೆ. ಆದರೆ ಎಳೆದು ಎಲ್ಲಿ ನಿಲ್ಲಿಸಬೇಕು, ಎಷ್ಟು ನಿಧಾನಕ್ಕೆ ಇಳಿಸಬೇಕು ಎನ್ನುವುದು ಬೇರೆ. ಆ ವ್ಯತ್ಯಾಸವನ್ನು ಅಮ್ಮ ಬಾಯಿಂದ ಹೇಳಿ, ಹಾಡಿ, ಕೈಯಾಡಿಸಿ ತೋರಿಸಿದಳು. ಪದದ ಪಲ್ಲವಿ ಹಿಡಿಯುವಷ್ಟರಲ್ಲಿ ಸೊಪ್ಪಿನ ಕೆಲಸವನ್ನು ನನ್ನ ಹೆಂಡತಿ ಮುಗಿಸಿದ್ದಳು.

"ಮೋಹನ ರಾಗ ಬರುತ್ತದೆಯೇ ಇದರಲ್ಲಿ?" ಎಂದು ಅಮ್ಮ ಕೇಳಿದಳು. ಅದೇ ಬಿಳಿ ಐದರ ಷಡ್ಜ ಇಟ್ಟುಕೊಂಡು ಹುಡುಕಿದೆ. ಹಾಡು ಶುರುವಾಗುವ ಮೊದಲು ಆಟ ಶ್ರುತಿ ನೋಡಲು ಸಾಲಾಗಿ ತೋರಿಸುವ ಆರು ತಂತಿಗಳು: ಇ, ಎ, ಡಿ, ಜಿ, ಬಿ, ಇ. ಜಿ ಷಡ್ಜವಾದರೆ ಎ ರಿಷಭ, ಬಿ ಗಾಂಧಾರ, ಡಿ ಪಂಚಮ, ಎರಡು ಇ ಧೈವತ. ಮೋಹನದ ಐದೂ ಸ್ವರಗಳು ಬಿಟ್ಟ ತಂತಿಗಳಲ್ಲೇ ಇವೆ, ಒಂದು ಬೆರಳನ್ನೂ ಒತ್ತಬೇಕಿಲ್ಲ! ಆರನ್ನೂ ಒಟ್ಟಿಗೆ ಮೀಟಿ ಅಮ್ಮನಿಗೆ ಕೇಳಿಸಿದೆ. ಅವಳು ಅದೇ ಷಡ್ಜದಲ್ಲಿ ಮೋಹನದ ಆರೋಹಣ, ಅವರೋಹಣ ಹಾಡಿ ಒಪ್ಪಿಕೊಂಡಳು, ಮರುದಿನದಿಂದ ಆ ರಾಗದ ವರ್ಣ, ಅಂದರೆ ಗೀತೆಗಳ ಆಮೇಲೆ ಕಲಿಸುವ ರಚನೆ, ಶುರು ಮಾಡೋಣವೆಂದಳು. ಮೋಹನ ವರ್ಣ ಆದಿತಾಳದಲ್ಲಿದೆ, ಎಂಟರ ಲೆಕ್ಕ. ಅದಕ್ಕೆ ಆಟದ ಡ್ರಮ್ಸ್‌ನವನನ್ನು ಮತ್ತೆ ಕರೆಯಬಹುದು.